ನಿಂದೆಯೂ ಎಚ್ಚರವೂ

ಅಪಾಯವನ್ನು ಕುರಿತು ಮನುಷ್ಯನು ಎರಡು ಬಗೆಯಾಗಿ ಯೋಚಿಸುತ್ತಾನೆ. ಮುಂದೆ ಬರಬಹುದಾದ ಕೇಡನ್ನು ಮೊದಲೇ ಕಂಡು ಅದನ್ನು ತಡೆಯುವ ಉಪಾಯವನ್ನು ಹುಡುಕುವುದು ಒಂದು ಬಗೆ. ಆ ಕೇಡಿಗೆ ಹೊಣೆ ಯಾರೆಂದು ಗೊತ್ತುಮಾಡಿ ತಾನು ಹೊಣೆಯಿಂದ ಜಾರಿಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಎಚ್ಚರವೆಂದು ಹೆಸರು, ಎರಡನೆಯದಕ್ಕೆ ನಿಂದೆಯೆಂದು ಹೆಸರು. ಇವೆರಡೂ ಒಂದೇ ಸಂಗತಿಯನ್ನು ನೋಡಿ ಹುಟ್ಟುವುದರಿಂದಲೂ, ಅನೇಕ ವೇಳೆ ಒಂದೇ ಮಾತಿನಲ್ಲಿ ಹೊರಬೀಳುವುದರಿಂದಲೂ, ತಾನು ಆಡುತ್ತಿರುವುದು ಯಾವುದೆಂಬುದು ಆಡುವವನಿಗೇ ತಿಳಿಯದೆ ಹೋಗುವುದುಂಟು. ಈ ಗೊಂದಲವು ಲೋಕವ್ಯವಹಾರದಲ್ಲೆಲ್ಲ ಇದ್ದರೂ, ಅತಿಸ್ಥೂಲ ಶರೀರದ ಗರ್ಭಿಣಿಯು ಸಿಸೇರಿಯನ್ ಶಸ್ತ್ರಕ್ರಿಯೆಗಾಗಿ ಮೇಜಿನ ಮೇಲೆ ಮಲಗುವ ಗಳಿಗೆಯಲ್ಲಿ ಅದು ಪ್ರಾಣದ ಪ್ರಶ್ನೆಯಾಗಿ ನಿಲ್ಲುತ್ತದೆ. ಅಂಥವಳಿಗೆ ಅರಿವಳಿಕೆ ಕೊಡುವುದರಲ್ಲಿ ಇತರರಿಗಿಂತ ಹೆಚ್ಚಿನ ಅಪಾಯವಿದೆಯೆಂಬುದು ವೈದ್ಯಶಾಸ್ತ್ರದ ನಿರ್ಣಯ. ಆ ಹೆಚ್ಚಿನ ಅಪಾಯವು ಯಾರ ಲೆಕ್ಕಕ್ಕೆ ಸೇರತಕ್ಕದ್ದು, ಅದನ್ನು ಆಕೆಗೆ ಯಾರು, ಯಾವಾಗ, ಹೇಗೆ ತಿಳಿಸತಕ್ಕದ್ದು ಎಂಬುದು ಧರ್ಮದ ವಿಚಾರ. ಈ ಎರಡನೆಯದೇ ಇಲ್ಲಿ ಪ್ರಕೃತ.

ಅತಿಸ್ಥೌಲ್ಯವನ್ನು ಕುರಿತ ಚಿಂತನೆ ಈ ದೇಶಕ್ಕೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇಪ್ಪತ್ತೊಂದನೆಯ ಅಧ್ಯಾಯಕ್ಕೆ ಅಷ್ಟೌನಿಂದಿತೀಯವೆಂದು ಹೆಸರು. ಶರೀರದ ಕಾರಣದಿಂದ ನಿಂದೆಗೆ ಗುರಿಯಾಗುವ ಎಂಟು ಬಗೆಯ ಜನರನ್ನು ಅಲ್ಲಿ ಎಣಿಸಿದೆ: ಅತಿ ಉದ್ದನೆಯವರು, ಅತಿ ಕುಳ್ಳರು, ಅತಿಯಾಗಿ ರೋಮವುಳ್ಳವರು, ರೋಮವೇ ಇಲ್ಲದವರು, ಅತಿ ಕಪ್ಪು, ಅತಿ ಬಿಳುಪು, ಅತಿಸ್ಥೂಲರು, ಅತಿಕೃಶರು. ಇವರಲ್ಲಿ ಮೊದಲಿನ ಆರು ಬಗೆಯವರನ್ನು ಹೆಸರಿಸಿ ಬಿಟ್ಟು, ಕೊನೆಯ ಇಬ್ಬರ ವಿಷಯವನ್ನು ಮಾತ್ರ ಗ್ರಂಥಕಾರನು ವಿಸ್ತರಿಸುತ್ತಾನೆ. ಏಕೆಂದರೆ ವೈದ್ಯನ ಕೈ ಬೇಕಾದುದು ಇವರಿಗೆ. ಲೋಕವು ನಿಂದಿಸಿ ಸುಮ್ಮನಾಗುವ ಎಡೆಯಲ್ಲಿ ಶಾಸ್ತ್ರವು ಕಾರಣವನ್ನು ಕೇಳುತ್ತದೆ. ಸ್ಥೌಲ್ಯಕ್ಕೆ ಹೇಳಿರುವ ಕಾರಣಗಳಲ್ಲಿ ಅತಿಭೋಜನ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ ಮೊದಲಾದವುಗಳ ಜೊತೆಯಲ್ಲಿಯೇ ಬೀಜಸ್ವಭಾವವೂ ಸೇರಿದೆ. ಅಂದರೆ ತಂದೆತಾಯಿಗಳಿಂದ ಇಳಿದು ಬಂದ ಪಾಲೊಂದು ಆ ಶರೀರದಲ್ಲಿದೆ ಎಂದು ಪ್ರಾಚೀನರೂ ಬಲ್ಲರು. ಅಧ್ಯಾಯದ ಹೆಸರಿನಲ್ಲಿ ನಿಂದೆಯಿದ್ದರೂ ಅಧ್ಯಾಯದ ಒಡಲಿನಲ್ಲಿರುವುದು ಚಿಕಿತ್ಸೆ. ಈ ವ್ಯತ್ಯಾಸವನ್ನು ಮುಂದಿನ ವಿಚಾರಕ್ಕೆ ಆಧಾರವಾಗಿ ಇಟ್ಟುಕೊಳ್ಳಬಹುದು.

ಇಂದಿನ ವೈದ್ಯರು ಸ್ಥೌಲ್ಯವನ್ನು ಒಂದು ಸರಳವಾದ ಭಾಗಾಕಾರದಿಂದ ಅಳೆಯುತ್ತಾರೆ. ಕಿಲೋಗ್ರಾಮಿನಲ್ಲಿ ತೂಗಿದ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಒಂದು ಅಂಕೆ ಬರುತ್ತದೆ. ೧೮೩೦ರ ದಶಕದಲ್ಲಿ ಇದನ್ನು ಕಂಡುಹಿಡಿದ ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞನು ಹುಡುಕುತ್ತಿದ್ದುದು ಸರಾಸರಿ ಮನುಷ್ಯನ ಅಳತೆಯನ್ನೇ ಹೊರತು ರೋಗಿಯ ದೋಷವನ್ನಲ್ಲ. ಈ ಅಂಕೆ ೩೦ನ್ನು ಮುಟ್ಟಿದರೆ ಸ್ಥೌಲ್ಯವೆಂದೂ, ೪೦ನ್ನು ಮುಟ್ಟಿದರೆ ತೀವ್ರ ಸ್ಥೌಲ್ಯವೆಂದೂ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ. ಒಂದೂವರೆ ಮೀಟರ್ ಎತ್ತರದ ಹೆಂಗಸು ೯೦ ಕಿಲೋಗ್ರಾಂ ತೂಗಿದರೆ ೪೦ರ ಗೆರೆ ಸಿಕ್ಕಿತು. ಇಂತಹ ಹೆಂಗಸರು ಯಾವ ಊರಿನಲ್ಲಿಯೂ ಅಪರೂಪವಲ್ಲ. ಅವರಲ್ಲಿ ಬಹುಮಂದಿ ತಾಯಂದಿರಾಗುತ್ತಾರೆ, ಬಹುಮಂದಿ ಸುಖವಾಗಿ ಮನೆಗೂ ಮರಳುತ್ತಾರೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಏಕೆಂದರೆ ಅಪಾಯದ ವಿಚಾರವನ್ನೆತ್ತಿದೊಡನೆ ಎಲ್ಲ ಗರ್ಭಿಣಿಯರೂ ಸಾವಿನ ಬಾಗಿಲಲ್ಲಿ ನಿಂತಂತೆ ಬರೆಯುವುದು ಎಚ್ಚರವಲ್ಲ, ಬೆದರಿಕೆ.

ಸಿಸೇರಿಯನ್ನಿಗೆ ಅರಿವಳಿಕೆಯನ್ನು ಕೊಡುವ ದಾರಿಗಳು ಎರಡು. ಬೆನ್ನುಮೂಳೆಗಳ ಸಂದಿಯಲ್ಲಿ ಸೂಜಿಯಿಂದ ಮದ್ದಿಟ್ಟು ಎದೆಯಿಂದ ಕೆಳಗಣ ಭಾಗವನ್ನು ಮರಗಟ್ಟಿಸುವುದು ಒಂದು. ಜರ್ಮನಿಯ ಕೀಲ್ ನಗರದಲ್ಲಿ ೧೮೯೮ರಲ್ಲಿ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯನು ತೋರಿಸಿದ ದಾರಿಯಿದು. ಆಗ ತಾಯಿಯು ಎಚ್ಚರವಾಗಿದ್ದು ಮಗುವಿನ ಮೊದಲ ಅಳುವನ್ನು ತಾನೇ ಕೇಳುತ್ತಾಳೆ. ಪೂರ್ಣವಾಗಿ ಮೂರ್ಛೆಗೊಳಿಸಿ ಶ್ವಾಸನಾಳದೊಳಗೆ ಕೊಳವೆಯನ್ನಿಟ್ಟು ಯಂತ್ರದಿಂದ ಉಸಿರಾಡಿಸುವುದು ಇನ್ನೊಂದು. ಸ್ಥೂಲಶರೀರದವಳಿಗೆ ಎರಡು ದಾರಿಗಳಲ್ಲಿಯೂ ತೊಡಕುಗಳಿವೆ. ಬೆನ್ನಿನಲ್ಲಿ ಮೂಳೆಯ ಗುರುತು ಬೆರಳಿಗೆ ಸಿಕ್ಕುವುದಿಲ್ಲ. ಸಾಮಾನ್ಯ ಉದ್ದದ ಸೂಜಿ ಕೆಲವೊಮ್ಮೆ ಗುರಿಯನ್ನು ಮುಟ್ಟುವುದಿಲ್ಲ. ಬೆನ್ನಿನಲ್ಲಿ ಇಟ್ಟ ಸಣ್ಣ ಕೊಳವೆಯು ಆಕೆ ಮಗ್ಗುಲಾದಾಗ ಜಾರುವುದುಂಟು. ಅಮೆರಿಕದ ಉತ್ತರ ಕೆರೊಲಿನಾದ ವೈದ್ಯರಿಬ್ಬರು ೧೩೬ ಕಿಲೋಗ್ರಾಂ ಮೀರಿದ ೧೧೭ ಮಂದಿ ಬಸುರಿಯರ ವೃತ್ತಾಂತವನ್ನು ೧೯೯೩ರಲ್ಲಿ ಪ್ರಕಟಿಸಿದರು. ಅಂಥವರಲ್ಲಿ ಬೆನ್ನಿನ ಎಪಿಡ್ಯೂರಲ್ ಕೊಳವೆಯು ಮೊದಲ ಸಲ ವಿಫಲವಾದುದು ನೂರಕ್ಕೆ ೪೨. ಸಾಧಾರಣ ತೂಕದವರಲ್ಲಿ ನೂರಕ್ಕೆ ೬. ಆದುದರಿಂದ ಇಟ್ಟ ಕೊಳವೆ ಕೆಲಸಮಾಡುತ್ತಿದೆಯೇ ಎಂದು ನಿಷ್ಠುರವಾಗಿ ಪರೀಕ್ಷಿಸಬೇಕು, ಸಂದೇಹ ಬಂದರೆ ತೆಗೆದು ಮತ್ತೆ ಇಡಬೇಕು ಎಂಬುದು ಅವರ ಅಭಿಪ್ರಾಯ.

ಮೂರ್ಛೆಯ ದಾರಿಯು ಇದಕ್ಕಿಂತಲೂ ಇಕ್ಕಟ್ಟಿನದು. ಗರ್ಭವು ತುಂಬಿದಾಗ ಪುಪ್ಪುಸದಲ್ಲಿ ಉಳಿಯುವ ಗಾಳಿಯ ದಾಸ್ತಾನು ಸುಮಾರು ಐದನೆಯ ಒಂದು ಪಾಲು ಇಳಿದಿರುತ್ತದೆ; ಆಮ್ಲಜನಕದ ಖರ್ಚು ಅಷ್ಟೇ, ಅಥವಾ ಇನ್ನೂ ಹೆಚ್ಚಾಗಿ, ಏರಿರುತ್ತದೆ. ಸ್ಥೌಲ್ಯವು ಈ ಎರಡನ್ನೂ ಇನ್ನಷ್ಟು ಮುಂದಕ್ಕೆ ಒಯ್ಯುತ್ತದೆ. ಮೊದಲು ಆಮ್ಲಜನಕವನ್ನು ಚೆನ್ನಾಗಿ ಕೊಟ್ಟು, ಅನಂತರ ಉಸಿರು ನಿಂತ ಮೇಲೆ ರಕ್ತದಲ್ಲಿ ಅದು ಎಷ್ಟು ಹೊತ್ತು ಉಳಿಯುವುದೆಂದು ೧೯೯೧ರಲ್ಲಿ ನೋಡಿದಾಗ, ಸಾಧಾರಣ ಮೈಯವರಿಗೆ ಸುಮಾರು ಆರು ನಿಮಿಷ, ಅತಿಸ್ಥೂಲರಿಗೆ ಮೂರು ನಿಮಿಷಕ್ಕೂ ಕಡಿಮೆ ಎಂದು ಕಂಡುಬಂದಿತು. ಅವರು ಗರ್ಭಿಣಿಯರಲ್ಲ, ಗರ್ಭಿಣಿಗೆ ಆ ಅವಕಾಶವೂ ಇಲ್ಲ. ಆ ಅಲ್ಪಕಾಲದಲ್ಲಿ ಕೊಳವೆಯು ಶ್ವಾಸನಾಳವನ್ನು ಸೇರಬೇಕು. ೧೯೭೦ರಿಂದ ಮುಂದಿನ ವರದಿಗಳನ್ನೆಲ್ಲ ಕೂಡಿಸಿ ೨೦೧೫ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ಪ್ರಸೂತಿಯಲ್ಲಿ ಮೂರ್ಛೆ ಕೊಟ್ಟ ೩೯೦ ಸಂದರ್ಭಗಳಿಗೆ ಒಂದರಲ್ಲಿ ಕೊಳವೆ ಇಡಲು ಆಗದೆ ಹೋಗುತ್ತದೆ. ಹಾಗಾದ ೯೦ ಸಂದರ್ಭಗಳಿಗೆ ಒಬ್ಬ ತಾಯಿ ಸಾಯುತ್ತಾಳೆ. ಇದಲ್ಲದೆ ಹೊಟ್ಟೆಯಲ್ಲಿರುವುದು ಮೇಲೆ ಬಂದು ಪುಪ್ಪುಸಕ್ಕೆ ಇಳಿಯುವ ಭಯವೊಂದಿದೆ. ನ್ಯೂಯಾರ್ಕಿನ ಮೆಂಡೆಲ್ಸನ್ ಎಂಬ ವೈದ್ಯನು ೧೯೪೬ರಲ್ಲಿ ೪೪,೦೧೬ ಪ್ರಸೂತಿಗಳ ದಾಖಲೆಯನ್ನು ನೋಡಿ ಇಂತಹ ೬೬ ಸಂದರ್ಭಗಳನ್ನು ಎಣಿಸಿದನು. ಪ್ರಸವಕಾಲದಲ್ಲಿ ಆಹಾರವನ್ನು ಕುರಿತ ಕಟ್ಟುನಿಟ್ಟುಗಳು ಹಬ್ಬಿದುದು ಅಲ್ಲಿಂದ ಮುಂದೆ.

ಇಷ್ಟು ಹೇಳಿದರೆ ವಿಷಯದ ಅರ್ಧ ಮಾತ್ರ ಹೇಳಿದಂತಾಯಿತು. ಈ ತೊಡಕುಗಳಲ್ಲಿ ಬಹುಪಾಲಿಗೆ ಉಪಾಯಗಳೂ ಗೊತ್ತಿವೆ, ಮತ್ತು ಅವು ದುಬಾರಿಯಾದವುಗಳೇ ಅಲ್ಲ. ತಲೆ ಮತ್ತು ಹೆಗಲುಗಳ ಕೆಳಗೆ ದಿಂಬುಗಳನ್ನೋ ಮಡಿಸಿದ ಹೊದಿಕೆಗಳನ್ನೋ ಏರಿಸಿ, ಕಿವಿಯ ರಂಧ್ರವು ಎದೆಮೂಳೆಯ ಮೇಲಣ ಕುಳಿಯ ಮಟ್ಟಕ್ಕೆ ಬರುವಂತೆ ಮಾಡಿದರೆ ಗಂಟಲಿನ ದಾರಿ ಕಾಣಿಸುತ್ತದೆ, ಉಸಿರೂ ಹಗುರವಾಗುತ್ತದೆ. ಗರ್ಭದ ಭಾರವು ದೊಡ್ಡ ರಕ್ತನಾಳವನ್ನು ಅದುಮದಂತೆ ಮೈಯನ್ನು ತುಸು ಎಡಕ್ಕೆ ವಾಲಿಸಬೇಕು. ರಕ್ತದೊತ್ತಡ ನೋಡುವ ಪಟ್ಟಿಯು ತೋಳಿಗೆ ತಕ್ಕಷ್ಟು ಅಗಲವಾಗಿರಬೇಕು. ಚಿಕ್ಕ ಪಟ್ಟಿಯನ್ನು ದಪ್ಪ ತೋಳಿಗೆ ಬಿಗಿದರೆ ಇಲ್ಲದ ಒತ್ತಡವನ್ನು ಇದೆಯೆಂದು ತೋರಿಸುತ್ತದೆ. ಉದ್ದನೆಯ ಸೂಜಿಯು ಪೆಟ್ಟಿಗೆಯಲ್ಲಿ ಮೊದಲೇ ಇರಬೇಕು. ಬೆನ್ನಿನ ಕೊಳವೆಯನ್ನು ನೋವಿನ ಆರಂಭದಲ್ಲಿಯೇ, ಅವಸರವಿಲ್ಲದಾಗ ಇಟ್ಟರೆ, ಕೊನೆಗೆ ಶಸ್ತ್ರಕ್ರಿಯೆ ಬೇಕಾದಾಗ ಮೂರ್ಛೆಯ ಮೊರೆಹೋಗಬೇಕಾಗುವುದಿಲ್ಲ. ಇವೆಲ್ಲವೂ ಬೇಡುವುದು ಮುಖ್ಯವಾಗಿ ಒಂದನ್ನೇ: ಈಕೆ ಬರುತ್ತಾಳೆಂಬುದು ಮೊದಲೇ ತಿಳಿದಿರಬೇಕು. ಅಪಾಯವು ಶರೀರದಲ್ಲಿ ಮಾತ್ರವೇ ಇಲ್ಲ. ಆ ಶರೀರಕ್ಕೂ ಅದನ್ನು ಎದುರುಗೊಳ್ಳುವ ಸಿದ್ಧತೆಗೂ ನಡುವೆ ಇರುವ ಅಂತರದಲ್ಲಿದೆ. ಶರೀರದ ಭಾರವನ್ನು ಆ ಹೊತ್ತಿಗೆ ಯಾರೂ ಇಳಿಸಲಾರರು. ಅಂತರವನ್ನು ಕಡಮೆಮಾಡುವುದಾದರೋ ಮನುಷ್ಯರ ಕೈಯಲ್ಲಿದೆ.

ಇದಕ್ಕೆ ಪ್ರಮಾಣವನ್ನು ಅಮೆರಿಕದ ಮಿಷಿಗನ್ ಸಂಸ್ಥಾನದ ದಾಖಲೆಗಳು ಒದಗಿಸುತ್ತವೆ. ೧೯೮೫ರಿಂದ ೨೦೦೩ರ ವರೆಗೆ ಅಲ್ಲಿ ಅರಿವಳಿಕೆಯೇ ಕಾರಣವಾಗಿ ಸತ್ತ ತಾಯಂದಿರು ಎಂಟು ಮಂದಿ. ಎಂಟರಲ್ಲಿ ಆರು ಮಂದಿ ಸ್ಥೂಲಕಾಯದವರು. ಎಲ್ಲರೂ ಭಯಪಡುವ ಗಳಿಗೆ, ಅಂದರೆ ಮೂರ್ಛೆ ಕೊಟ್ಟು ಕೊಳವೆ ಇಡುವ ಗಳಿಗೆಯಲ್ಲಿ, ಅವರಲ್ಲಿ ಒಬ್ಬರೂ ಸಾಯಲಿಲ್ಲ. ಐವರು ಸತ್ತುದು ಶಸ್ತ್ರಕ್ರಿಯೆ ಮುಗಿದು ಮೂರ್ಛೆ ತಿಳಿಯುವಾಗ, ಕೊಳವೆ ತೆಗೆಯುವಾಗ, ಇಲ್ಲವೆ ಆಮೇಲೆ ಚೇತರಿಸಿಕೊಳ್ಳುತ್ತ ಮಲಗಿದ್ದಾಗ; ಉಸಿರು ಮಂದವಾಗಿ, ಅಥವಾ ಗಂಟಲು ಮುಚ್ಚಿ. ಕಾವಲಿನಲ್ಲಿಯೋ ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿಯೋ ಲೋಪವಾಗಿದ್ದುದು ಐದು ಮರಣಗಳಲ್ಲಿ ಕಂಡುಬಂದಿತು. ಇನ್ನೊಂದು ಅಂಕೆಯೂ ಆ ವರದಿಯಲ್ಲಿದೆ: ಎಂಟರಲ್ಲಿ ಆರು ಮಂದಿ ಕರಿಯ ಜನಾಂಗದ ಹೆಂಗಸರು. ಕಷ್ಟದ ಕೆಲಸವನ್ನು ಎಚ್ಚರದಿಂದ ಮಾಡಿ ಮುಗಿಸಿದವರು, ಕೆಲಸ ಮುಗಿಯಿತೆಂದು ಕಣ್ಣು ತೆಗೆದಾಗ ಮರಣವು ಒಳಹೊಕ್ಕಿತು. ಹೀಗಿರಲು ಈ ಸಾವುಗಳಿಗೆ ಸ್ಥೌಲ್ಯವೇ ಕಾರಣವೆಂದು ಬರೆದು ಮುಗಿಸುವುದು ಅರ್ಧಸತ್ಯವಾಗುತ್ತದೆ. ಆ ಶರೀರಕ್ಕೆ ಹೆಚ್ಚಿನ ಕಾವಲು ಬೇಕಾಗಿತ್ತು. ಬೇಕಾದಷ್ಟು ಕಾವಲು ಸಿಕ್ಕಲಿಲ್ಲ.

ಚರಕನು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತಾನೆ: ವೈದ್ಯ, ಔಷಧದ್ರವ್ಯ, ಉಪಸ್ಥಾತಾ, ರೋಗಿ. ಉಪಸ್ಥಾತಾ ಎಂದರೆ ಹತ್ತಿರವಿದ್ದು ನೋಡಿಕೊಳ್ಳುವವನು. ವೈದ್ಯನಿಗೆ ಆ ನಾಲ್ಕರಲ್ಲಿ ಪ್ರಾಧಾನ್ಯವಿದ್ದರೂ, ನೋಡಿಕೊಳ್ಳುವವನನ್ನು ಅಂಗವೆಂದೇ ಎಣಿಸಿರುವುದು ಗಮನಾರ್ಹವಾಗಿದೆ. ಮಿಷಿಗನ್ನಿನಲ್ಲಿ ಮುರಿದುದು ಬಹುಮಟ್ಟಿಗೆ ಈ ಪಾದ. ರಾತ್ರಿ ಎರಡು ಗಂಟೆಗೆ ಬಾಣಂತಿಯ ಹಾಸಿಗೆಯ ಪಕ್ಕದಲ್ಲಿ ಎಚ್ಚತ್ತು ಕುಳಿತು, ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕೆಯನ್ನೂ ಎದೆಯ ಏರಿಳಿತವನ್ನೂ ನೋಡುತ್ತಿರುವ ದಾದಿಯ ಕೆಲಸದಲ್ಲಿ ಜಾಣ್ಮೆಯ ಪ್ರದರ್ಶನವಿಲ್ಲ, ಹೊಗಳಿಕೆಯೂ ಇಲ್ಲ. ಆದರೂ ಸ್ಥೂಲಕಾಯದ ತಾಯಿಯ ಪ್ರಾಣವು ಹಲವು ವೇಳೆ ನಿಂತಿರುವುದು ಅಲ್ಲಿಯೇ.

ಇಲ್ಲಿ ಒಂದು ಪೂರ್ವಪಕ್ಷವೇಳುತ್ತದೆ. ತನ್ನ ಮೈಯನ್ನು ತಾನೇ ಬೆಳೆಸಿಕೊಂಡವಳು ಅದರ ಫಲವನ್ನು ತಾನೇ ಉಣ್ಣಬೇಕಲ್ಲವೆ? ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಸುಳ್ಳೆ? ಈ ಆಕ್ಷೇಪವು ಹಳೆಯದು, ಬಟ್ಟೆ ಮಾತ್ರ ಹೊಸದು. ೧೮೪೭ರ ಜನವರಿಯಲ್ಲಿ ಎಡಿನ್‌ಬರೋ ನಗರದ ಜೇಮ್ಸ್ ಯಂಗ್ ಸಿಂಪ್ಸನ್ ಎಂಬ ವೈದ್ಯನು ಸೊಂಟದ ಮೂಳೆ ಇಕ್ಕಟ್ಟಾಗಿದ್ದ ಗರ್ಭಿಣಿಗೆ ಈಥರನ್ನು ಕೊಟ್ಟು, ಅದೇ ವರ್ಷದ ನವೆಂಬರಿನಲ್ಲಿ ಕ್ಲೋರೋಫಾರಮನ್ನು ಬಳಕೆಗೆ ತಂದಾಗ, ಹೆರಿಗೆಯ ನೋವು ಹೆಣ್ಣಿಗೆ ದೇವರೇ ವಿಧಿಸಿದ ದಂಡವೆಂದೂ ಅದನ್ನು ತಪ್ಪಿಸುವುದು ಪಾಪವೆಂದೂ ಆ ದೇಶದಲ್ಲಿ ಕೆಲವರು ವಾದಿಸಿದರು. ಆದಿಮಾನವನ ಪಕ್ಕೆಲುಬನ್ನು ತೆಗೆಯುವ ಮೊದಲು ದೇವರೇ ಅವನನ್ನು ಗಾಢನಿದ್ರೆಯಲ್ಲಿ ಕೆಡಹಲಿಲ್ಲವೆ ಎಂದು ಸಿಂಪ್ಸನ್ ಅವರ ಗ್ರಂಥದಿಂದಲೇ ಉತ್ತರ ಕೊಟ್ಟನು. ೧೮೫೩ರಲ್ಲಿ ವಿಕ್ಟೋರಿಯಾ ರಾಣಿಯು ತನ್ನ ಹೆರಿಗೆಯಲ್ಲಿ ಜಾನ್ ಸ್ನೋ ಎಂಬ ವೈದ್ಯನಿಂದ ಕ್ಲೋರೋಫಾರಂ ತೆಗೆದುಕೊಂಡಳು. ವಿರೋಧದ ದನಿ ಕ್ರಮೇಣ ಅಡಗಿತು. ನೋವನ್ನು ದಂಡವೆಂದು ಈಗ ಯಾರೂ ಹೇಳುವುದಿಲ್ಲ. ಆದರೆ ಅಪಾಯವನ್ನು ದಂಡವೆಂದು ಭಾವಿಸುವವರು ಇದ್ದಾರೆ. ಹೆರುವವಳು ಏನನ್ನೋ ತೀರಿಸುತ್ತಿದ್ದಾಳೆಂಬ ಕಲ್ಪನೆ ಎರಡರಲ್ಲಿಯೂ ಒಂದೇ.

ಕರ್ಮಸಿದ್ಧಾಂತವನ್ನು ಒಪ್ಪಿದವರಿಗೂ ಈ ಆಕ್ಷೇಪವು ಸಲ್ಲುವುದಿಲ್ಲ. ಕರ್ಮವು ತನ್ನ ನಡತೆಯನ್ನು ತಿದ್ದಿಕೊಳ್ಳಲು ಹೇಳಿದ ತತ್ತ್ವ. ಇನ್ನೊಬ್ಬನ ಕಷ್ಟದ ಮುಂದೆ ಕೈಕಟ್ಟಿ ನಿಲ್ಲಲು ಕೊಟ್ಟ ಅಪ್ಪಣೆಯಲ್ಲ. ಬಾವಿಗೆ ಬಿದ್ದವನು ಅಜಾಗರೂಕತೆಯಿಂದ ಬಿದ್ದನೋ ಕಾಲುಜಾರಿ ಬಿದ್ದನೋ ಎಂದು ತೀರ್ಮಾನಿಸಿದ ಮೇಲೆ ಹಗ್ಗವನ್ನು ಬಿಡುವವರು ಯಾರೂ ಇಲ್ಲ. ಮೇಲಾಗಿ, ತಾನೇ ಬೆಳೆಸಿಕೊಂಡಳೆಂಬ ಮಾತು ಎಷ್ಟರಮಟ್ಟಿಗೆ ನಿಜ? ಬೀಜಸ್ವಭಾವದ ಪಾಲು ಅವಳದಲ್ಲ. ಕನ್ನಡನಾಡಿನ ಮನೆಗಳಲ್ಲಿ ಬಸುರಿಗೆ ಇಬ್ಬರ ಊಟವನ್ನು ಉಣ್ಣೆನ್ನುವವರು ಹಿರಿಯರು; ಬಾಣಂತಿಗೆ ತುಪ್ಪವನ್ನೂ ಅಂಟಿನುಂಡೆಯನ್ನೂ ಅಕ್ಕರೆಯಿಂದ ತಿನ್ನಿಸಿ, ತಿಂಗಳುಗಟ್ಟಲೆ ಕೋಣೆಯಿಂದ ಹೊರಗೆ ಕಾಲಿಡಬೇಡವೆನ್ನುವವರೂ ಹಿರಿಯರೇ. ಮೊದಲ ಬಾಣಂತನದಲ್ಲಿ ಏರಿದ ತೂಕ ಇಳಿಯುವುದಕ್ಕೆ ಮುಂಚೆ ಎರಡನೆಯ ಗರ್ಭ ನಿಲ್ಲುತ್ತದೆ. ಮನೆಮಂದಿಗೆಲ್ಲ ಬಡಿಸಿ ಉಳಿದುದನ್ನು ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಒಂದು ಗಳಿಗೆ ತನಗಾಗಿ ನಡೆದಾಡಲು ಬಿಡುವಿಲ್ಲದವಳನ್ನು, ಅದೇ ಮನೆಯವರು ಆಸ್ಪತ್ರೆಯ ಜಗುಲಿಯಲ್ಲಿ ನಿಂತು ಮೈ ಬಿಟ್ಟುಕೊಂಡವಳೆಂದು ದೂರುವುದು ಯಾವ ನ್ಯಾಯ? ಪ್ರೀತಿಯಿಂದ ಬಡಿಸಿದ ಕೈಗಳಿಗೂ ಹೊಣೆಯಲ್ಲಿ ಭಾಗವಿದೆಯೆಂದ ಮೇಲೆ ನಿಂದೆಯನ್ನು ಹಂಚುವ ಕೆಲಸವನ್ನೇ ಬಿಡುವುದು ಲೇಸು.

ಹಾಗಾದರೆ ಸುಮ್ಮನಿರೋಣ ಎಂಬುದು ಎರಡನೆಯ ಪೂರ್ವಪಕ್ಷ. ಮೈಯ ಮಾತನ್ನೆತ್ತಿದರೆ ಹೆಂಗಸಿನ ಮನಸ್ಸು ನೋಯುತ್ತದೆ, ಬಸುರಿಯನ್ನು ಹೆದರಿಸಬಾರದು, ಆದುದರಿಂದ ಏನನ್ನೂ ಹೇಳದೆ, ಆಗುವುದನ್ನು ಆಗ ನೋಡಿಕೊಳ್ಳುವುದೇ ದಯೆಯೆಂದು ಸಾಧುಸ್ವಭಾವದ ವೈದ್ಯರೂ ಭಾವಿಸುವುದುಂಟು. ಇದು ನಿಂದೆಗಿಂತ ಮೃದುವಾದುದು. ಫಲದಲ್ಲಿ ಅದಕ್ಕಿಂತ ಹಿತವಾದುದಲ್ಲ. ಏನನ್ನೂ ತಿಳಿಯದವಳು ಏನನ್ನೂ ಆರಿಸಲಾರಳು. ನೋವು ಏರಿ, ಮಗುವಿನ ಎದೆಬಡಿತ ಇಳಿದು, ದಾದಿಯರು ಓಡಾಡುತ್ತಿರುವಾಗ ಕಾಗದವೊಂದನ್ನು ಮುಂದಿಟ್ಟು ರುಜು ಮಾಡೆಂದರೆ, ಅದು ಒಪ್ಪಿಗೆಯಲ್ಲ, ಒಪ್ಪಿಗೆಯ ಆಕಾರ. ಎಷ್ಟೋ ಕಡೆಗಳಲ್ಲಿ ಆ ರುಜುವನ್ನು ಮಾಡುವವನು ಹೊರಗೆ ನಿಂತ ಗಂಡನೋ ತಂದೆಯೋ ಆಗಿರುತ್ತಾನೆ. ಯಾರ ಬೆನ್ನಿಗೆ ಸೂಜಿ, ಯಾರ ಗಂಟಲಿಗೆ ಕೊಳವೆ, ಅವಳಿಗೆ ಓದಿ ಹೇಳಿದವರಿಲ್ಲ. ಸತ್ಯಕ್ಕೆ ಒಂದು ಕಾಲವಿದೆ. ಕಾಲ ಮೀರಿದ ಮೇಲೆ ಹೇಳಿದ ಸತ್ಯವು ಕೇಳುವವಳಿಗೆ ಉಪಯೋಗವಾಗದೆ, ಹೇಳುವವನ ರಕ್ಷಣೆಗೆ ಮಾತ್ರ ಒದಗುತ್ತದೆ. ಬ್ರಿಟನ್ನಿನ ಪ್ರಸೂತಿವೈದ್ಯರ ರಾಯಲ್ ಕಾಲೇಜು ಸೇರಿ ಹೊರಡಿಸಿದ ೨೦೧೦ರ ಮಾರ್ಗದರ್ಶಿಯು, ೪೦ರ ಅಂಕೆಯನ್ನು ಮುಟ್ಟಿದ ಗರ್ಭಿಣಿಯು ಹೆರಿಗೆಗೆ ಮೊದಲೇ ಅರಿವಳಿಕೆಯ ವೈದ್ಯರನ್ನು ಕಂಡು ಮಾತನಾಡಬೇಕೆಂದು ವಿಧಿಸಿದುದು ಈ ಕಾರಣದಿಂದಲೇ.

ಹೇಳುವ ರೀತಿಯಲ್ಲಿ ನಿಂದೆಗೂ ಎಚ್ಚರಕ್ಕೂ ಇರುವ ಭೇದವು ಸ್ಪಷ್ಟವಾಗಿ ಕಾಣುತ್ತದೆ. “ಇಷ್ಟು ದಪ್ಪ ಇದ್ದೀಯಲ್ಲಮ್ಮ, ಏನಾದರೂ ಹೆಚ್ಚುಕಡಮೆ ಆದರೆ ನಮ್ಮನ್ನು ಕೇಳಬೇಡ” ಎಂದು ಒಬ್ಬ ವೈದ್ಯನು ಹೇಳಬಹುದು. “ನೋಡಮ್ಮ, ನಿಮ್ಮ ಬೆನ್ನಿಗೆ ಸೂಜಿ ಇಡುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಅದಕ್ಕೆ ನೋವು ಶುರುವಾದ ಕೂಡಲೇ ಬನ್ನಿ, ಮನೆಯಲ್ಲಿ ಕಾಯಬೇಡಿ. ರಾತ್ರಿ ಗೊರಕೆ ಹೊಡೆಯುವುದು, ಉಸಿರು ಕಟ್ಟಿ ಏಳುವುದು ಇದ್ದರೆ ಈಗಲೇ ಹೇಳಿ, ಆಪರೇಷನ್ ಆದ ಮೇಲೆ ಪಕ್ಕದಲ್ಲಿ ಒಬ್ಬರನ್ನು ಕೂರಿಸುತ್ತೇವೆ” ಎಂದು ಇನ್ನೊಬ್ಬನು ಹೇಳಬಹುದು. ಇಬ್ಬರೂ ಹೇಳಿದುದು ಒಂದೇ ಸತ್ಯವನ್ನು. ಮೊದಲನೆಯವನು ಅಪಾಯವನ್ನು ಅವಳ ತಲೆಯ ಮೇಲೆ ಹೊರಿಸಿ ತಾನು ಹಗುರಾದನು. ಎರಡನೆಯವನು ಅದರ ಒಂದು ತುದಿಯನ್ನು ತಾನು ಹಿಡಿದು ಇನ್ನೊಂದು ತುದಿಯನ್ನು ಅವಳಿಗೆ ಕೊಟ್ಟನು. ಸತ್ಯವೂ ಪ್ರಿಯವೂ ಹಿತವೂ ಒಂದೇ ಮಾತಿನಲ್ಲಿ ಕೂಡುವುದು ದುರ್ಲಭವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ದುರ್ಲಭವಿರಬಹುದು, ಆದರೆ ಅಸಾಧ್ಯವಲ್ಲ. ಅವಮಾನಪಟ್ಟವಳು ಮುಂದಿನ ತಪಾಸಣೆಗೆ ಬರುವುದಿಲ್ಲ, ಬಾರದವಳಿಗೆ ಸಿದ್ಧತೆಯಿಲ್ಲ. ಹೀಗೆ ನಿಂದೆಯು ತಾನು ಮುನ್ನುಡಿದ ಕೇಡನ್ನು ತಾನೇ ಹತ್ತಿರಕ್ಕೆ ಕರೆಯುತ್ತದೆ.

ಎಲ್ಲಕ್ಕಿಂತ ಕಠಿನವಾದ ಗಳಿಗೆ ಮತ್ತೊಂದಿದೆ. ಮಗುವಿನ ಪ್ರಾಣಕ್ಕೆ ತಟ್ಟನೆ ಸಂಚಕಾರ ಬಂದಾಗ ಬೇಗನೆ ಸಾಗುವ ದಾರಿ ಮೂರ್ಛೆಯದು. ಆದರೆ ಸ್ಥೂಲಕಾಯದ ತಾಯಿಗೆ ಅಪಾಯ ಹೆಚ್ಚಿರುವುದೂ ಆ ದಾರಿಯಲ್ಲಿಯೇ. ಬೆನ್ನಿನ ಸೂಜಿಗೆ ಹೊತ್ತು ತೆಗೆದುಕೊಂಡರೆ ಮಗುವಿಗೆ ಕೇಡಾದೀತು; ಹೊತ್ತು ಉಳಿಸಹೋದರೆ ತಾಯಿಗೆ ಕೇಡಾದೀತು. ಕೊಳವೆ ಇಡಲು ಆಗದೆ ಹೋದಾಗ ತಾಯಿಯನ್ನು ಎಚ್ಚರಗೊಳಿಸಬೇಕೋ, ಶಸ್ತ್ರಕ್ರಿಯೆಯನ್ನು ಮುಂದುವರಿಸಬೇಕೋ ಎಂಬ ಸಂಕಟ ಇನ್ನೂ ದೊಡ್ಡದು. ಬ್ರಿಟನ್ನಿನ ಅರಿವಳಿಕೆ ವೈದ್ಯರ ಎರಡು ಸಂಘಗಳು ಕೂಡಿ ೨೦೧೫ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಟ್ಟಿಲ್ಲ. ತಾಯಿಯ ಸ್ಥಿತಿ, ಮಗುವಿನ ಸ್ಥಿತಿ, ಕೊಡುವವರ ಅನುಭವ, ಶರೀರದ ಸ್ಥೌಲ್ಯ ಮೊದಲಾದವುಗಳನ್ನು ಪಟ್ಟಿಮಾಡಿ, ಮೂರ್ಛೆ ಕೊಡುವ ಮುನ್ನವೇ ಇವನ್ನು ತೂಗಿನೋಡಿ ಏನು ಮಾಡುವುದೆಂದು ಗೊತ್ತುಮಾಡಿಕೊಳ್ಳಬೇಕೆಂದು ಹೇಳಿದೆ. ಧರ್ಮಸಂಕಟವನ್ನು ಬಿಡಿಸುವ ಸೂತ್ರವಿಲ್ಲದಿರುವಾಗ, ಅದು ಬಂದೀತೆಂದು ಮೊದಲೇ ಬಗೆದು ಶಾಂತವಾದ ಬುದ್ಧಿಯಿಂದ ಯೋಚಿಸಿಡುವುದೇ ಧರ್ಮ. ಆ ಯೋಚನೆಯಲ್ಲಿ ತಾಯಿಯ ಮಾತಿಗೂ ಸ್ಥಾನವಿರಬೇಕಾದರೆ, ಅವಳು ಮಾತನಾಡಬಲ್ಲ ದಿನಗಳಲ್ಲಿಯೇ ಅವಳನ್ನು ಕೇಳಿರಬೇಕು.

ನಿಂದೆಯಿಲ್ಲದ ಎಚ್ಚರವು ಬರಿಯ ಆದರ್ಶವೆಂದು ಹೇಳುವವರಿಗೆ ಇಂಗ್ಲೆಂಡಿನ ಗೋಪ್ಯ ವಿಚಾರಣೆಯ ಪದ್ಧತಿಯನ್ನು ತೋರಿಸಬಹುದು. ೧೯೫೨ರಿಂದ ಆ ದೇಶದಲ್ಲಿ ಹೆರಿಗೆಯ ಸಂಬಂಧವಾಗಿ ಸತ್ತ ತಾಯಂದಿರ ವೃತ್ತಾಂತಗಳನ್ನು, ರೋಗಿಯ ಹೆಸರೂ ವೈದ್ಯನ ಹೆಸರೂ ಹೊರಬೀಳದಂತೆ, ಪರಿಶೀಲಿಸುತ್ತ ಬಂದಿದ್ದಾರೆ. ಯಾರನ್ನು ದಂಡಿಸಬೇಕೆಂದಲ್ಲ, ಯಾವುದು ಬೇರೆಯಾಗಬಹುದಾಗಿತ್ತು ಎಂಬುದೇ ಅಲ್ಲಿ ಪ್ರಶ್ನೆ. ೧೯೬೪ರಿಂದ ೬೬ರ ವರೆಗಿನ ಮೂರು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ಅರಿವಳಿಕೆಯಿಂದ ಸತ್ತ ತಾಯಂದಿರು ೫೦. ೧೯೯೪ರಿಂದ ೯೬ರ ವರೆಗೆ ಇಡೀ ಯುನೈಟೆಡ್ ಕಿಂಗ್‌ಡಮ್ಮಿನಲ್ಲಿ ೧. ಇಳಿತಕ್ಕೆ ಹೊಸ ಮದ್ದುಗಳೂ ಯಂತ್ರಗಳೂ ಬೆನ್ನಿನ ಅರಿವಳಿಕೆಯ ಪ್ರಚಾರವೂ ಕಾರಣಗಳಾಗಿದ್ದರೂ, ತಪ್ಪನ್ನು ಮುಚ್ಚಿಡದೆ ಹೇಳುವ ಧೈರ್ಯಕ್ಕೆ ಅದರಲ್ಲಿ ಪಾಲುಂಟು. ಅದೇ ವಿಚಾರಣೆಯು ೨೦೦೩ರಿಂದ ೦೫ರ ವರೆಗೆ ಅರಿವಳಿಕೆಯಿಂದ ಸತ್ತ ಆರು ಮಂದಿಯಲ್ಲಿ ನಾಲ್ವರು ಸ್ಥೂಲಕಾಯದವರೆಂದು ತೋರಿಸಿತು. ಹೊಣೆ ಹೊರಿಸುವ ಸಭೆಯಾಗಿದ್ದರೆ ಸತ್ತವರ ತೂಕವನ್ನು ತೋರಿಸಿ ಅಲ್ಲಿಗೇ ಕಡತವನ್ನು ಕಟ್ಟಿಡುತ್ತಿದ್ದರು. ಎಚ್ಚರದ ಸಭೆಯಾದುದರಿಂದ, ಅಂಥವರಿಗೆ ಯಾವ ಸಿದ್ಧತೆ ಬೇಕೆಂಬ ಪ್ರಶ್ನೆ ಹುಟ್ಟಿತು.

ಕರ್ನಾಟಕಕ್ಕೆ ಈ ಪ್ರಶ್ನೆ ದೂರದ್ದಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಈ ರಾಜ್ಯದಲ್ಲಿ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು ೩೦ ಮಂದಿ ೨೫ರ ಅಂಕೆಯನ್ನು ಮುಟ್ಟಿದವರು. ಹೆರಿಗೆಗಳಲ್ಲಿ ನೂರಕ್ಕೆ ಸುಮಾರು ೩೧ಸಿಸೇರಿಯನ್. ತೀವ್ರ ಸ್ಥೌಲ್ಯದವರು ಇವರಲ್ಲಿ ಸ್ವಲ್ಪ ಭಾಗವೇ ಸರಿ. ಆದರೆ ಎರಡು ಅಂಕೆಗಳೂ ಏರುತ್ತಿರುವಾಗ ಅವೆರಡೂ ಒಬ್ಬಳಲ್ಲಿಯೇ ಕೂಡುವ ಸಂದರ್ಭಗಳೂ ಏರಲೇಬೇಕು. ಚಿಕ್ಕ ಊರಿನ ಆಸ್ಪತ್ರೆಯಲ್ಲಿ ಅಂಥವಳ ಹೆರಿಗೆ ಮಾಡಿಸಲು ತಕ್ಕ ಸಾಧನಗಳಿಲ್ಲದಿರುವುದು ತಪ್ಪಲ್ಲ. ಏಳನೆಯ ತಿಂಗಳಿನಲ್ಲಿಯೇ ಅದನ್ನು ಒಪ್ಪಿಕೊಂಡು, ದೊಡ್ಡ ಆಸ್ಪತ್ರೆಗೆ ಪತ್ರ ಬರೆದು ಕಳುಹಿಸಿದರೆ ಅದು ಧರ್ಮ. ಒಂಬತ್ತು ತಿಂಗಳು ಸುಮ್ಮನಿದ್ದು, ನೋವು ಏರಿದ ನಡುರಾತ್ರಿಯಲ್ಲಿ “ನಮ್ಮ ಕೈಲಾಗದು, ಬೇರೆ ಕಡೆಗೆ ಕರೆದುಕೊಂಡು ಹೋಗಿ” ಎಂದರೆ ಅದೇ ಮಾತು ಪರಿತ್ಯಾಗವಾಗುತ್ತದೆ.

ಹೆಂಗಸಿಗೂ ಅವಳ ಮನೆಗೂ ಕರ್ತವ್ಯವಿಲ್ಲವೆಂದು ಇದರಿಂದ ತಾತ್ಪರ್ಯವಲ್ಲ. ಗರ್ಭಕ್ಕೆ ಮೊದಲು ತೂಕವನ್ನು ಹತೋಟಿಗೆ ತರುವುದು, ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಶರೀರಕ್ಕೆ ಅವಕಾಶ ಕೊಡುವುದು, ವೈದ್ಯರಿಗೆ ತನ್ನ ಗೊರಕೆಯನ್ನೂ ಹಿಂದಿನ ಕಷ್ಟಗಳನ್ನೂ ನಾಚದೆ ಹೇಳುವುದು ಅವಳ ಪಾಲು. ಬಡಿಸುವ ಕೈಯನ್ನು ಹದದಲ್ಲಿಡುವುದು, ಅವಳಿಗೆ ನಡೆದಾಡುವ ಬಿಡುವನ್ನು ಕೊಡುವುದು, ತಪಾಸಣೆಗೆ ಜೊತೆಗೆ ಹೋಗುವುದು ಮನೆಯ ಪಾಲು. ಈ ಕರ್ತವ್ಯಗಳಿಗೆಲ್ಲ ಅವುಗಳ ಕಾಲವಿದೆ. ಮೇಜಿನ ಮೇಲೆ ಮಲಗಿದ ಮೇಲೆ ಅವಳ ಕರ್ತವ್ಯವು ಮುಗಿಯಿತು. ಆ ಮೇಲಿನದೆಲ್ಲ ನಿಂತವರ ಕರ್ತವ್ಯ. ಆಗ ಅವಳು ಭಾರವಾದ ಶರೀರವಲ್ಲ, ಉಸಿರನ್ನು ಪರರ ಕೈಯಲ್ಲಿಟ್ಟು ಕಣ್ಣುಮುಚ್ಚಿದ ಶರಣಾಗತೆ. ಶರಣು ಬಂದವರ ಯೋಗ್ಯತೆಯನ್ನು ವಿಚಾರಿಸುವ ವಾಡಿಕೆ ಈ ನಾಡಿನ ಧರ್ಮದಲ್ಲಿ ಎಂದೂ ಇರಲಿಲ್ಲ. ಕಣ್ಣು ತೆರೆಯುವ ವರೆಗೆ, ತೆರೆದ ಮೇಲೂ ಉಸಿರು ತನ್ನ ದಾರಿಯನ್ನು ಹಿಡಿಯುವ ವರೆಗೆ, ಯಾರಾದರೊಬ್ಬರು ಪಕ್ಕದಲ್ಲಿ ಎಚ್ಚತ್ತಿರಬೇಕು.